ಕಾಣದ ಸವೆತವೂ ಗೃಹಸ್ಥನ ಕರ್ತವ್ಯವೂ

ಲೋಕದಲ್ಲಿ ಹಾಳಾಗುವ ವಸ್ತುಗಳು ಎರಡು ವಿಧ. ಕೆಲವು ತಮ್ಮ ಕೇಡನ್ನು ಮುಂದಾಗಿ ತಿಳಿಸುವುವು, ಕೆಲವು ತಿಳಿಸವು. ಸೋರುವ ಮಾಡು ಮೊದಲು ಗೋಡೆಯ ಮೇಲೆ ಕಲೆಯನ್ನು ತೋರಿಸುವುದು. ಸವೆದ ಚಪ್ಪಲಿ ಅಂಗಾಲಿಗೆ ಕಲ್ಲನ್ನು ಒತ್ತಿಸುವುದು. ಹಳತಾದ ಬಾವಿಯ ಹಗ್ಗ ಎಳೆಎಳೆಯಾಗಿ ಬಿಚ್ಚಿಕೊಂಡು ಸೇದುವವರ ಅಂಗೈಗೆ ಎಚ್ಚರಿಕೆ ಕೊಡುವುದು. ಇಂಥವುಗಳ ವಿಷಯದಲ್ಲಿ ಮನುಷ್ಯನ ಕರ್ತವ್ಯ ಸುಲಭವಾದುದು. ಕಣ್ಣಿದ್ದು ಕಂಡರೆ ಸಾಕು. ಆದರೆ ಒಳಗೊಳಗೇ ಸವೆಯುತ್ತ, ಹೊರಗೆ ಯಾವ ಲಕ್ಷಣವನ್ನೂ ತೋರದೆ, ಕೊನೆಯ ದಿನದ ವರೆಗೂ ಹೊಸದರಂತೆಯೇ ದುಡಿದು, ಒಂದು ಕ್ಷಣದಲ್ಲಿ ತುಂಡಾಗುವ ವಸ್ತುಗಳೂ ಉಂಟು. ಅವುಗಳ ವಿಷಯದಲ್ಲಿ ನಮ್ಮ ಕರ್ತವ್ಯವೇನು? ಮುರಿಯದಿರುವುದನ್ನು, ಮುರಿದೀತೆಂಬ ಊಹೆಯಿಂದ ತೆಗೆದುಹಾಕುವುದು ವಿವೇಕವೋ, ದುಂದುವೆಚ್ಚವೋ? ತೆಗೆದುಹಾಕದೆ ಇನ್ನೊಬ್ಬರಿಗೆ ದಾಟಿಸಿಬಿಡುವುದು ಜಾಣತನವೋ, ಅಧರ್ಮವೋ?

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಹಳೆಯ ಮೋಟಾರು ಕಾರಿನ ಟೈಮಿಂಗ್ ಬೆಲ್ಟಿಗಿಂತ ಉತ್ತಮವಾದ ಉದಾಹರಣೆ ನನಗೆ ತೋರಲಿಲ್ಲ. ಸಾಹಿತ್ಯಪತ್ರಿಕೆಯಲ್ಲಿ ಯಂತ್ರದ ಮಾತೇಕೆಂದು ವಾಚಕ ಮಹಾಶಯರು ಹುಬ್ಬೇರಿಸಬಾರದು. ನಮ್ಮ ಧರ್ಮಶಾಸ್ತ್ರಕಾರರು ಬೀಜ, ಲೋಹ, ಎತ್ತುಗಳ ವ್ಯವಹಾರದಲ್ಲಿಯೇ ಧರ್ಮಾಧರ್ಮಗಳನ್ನು ನಿರ್ಣಯಿಸಿದರು. ಅಂದು ಎತ್ತು ನಿಂತಿದ್ದ ಅಂಗಳದಲ್ಲಿ ಇಂದು ಕಾರು ನಿಂತಿರುವುದು. ಹೊಸ ಕಾರನ್ನು ಕೊಳ್ಳಲಾರದ ಸಾಮಾನ್ಯ ಗೃಹಸ್ಥರು ಇನ್ನೊಬ್ಬರು ಬಳಸಿದ ಕಾರನ್ನು ಕೊಳ್ಳುವುದು ಈಗ ಎಲ್ಲ ಊರುಗಳಲ್ಲಿಯೂ ವಾಡಿಕೆಯಾಗಿರುವುದರಿಂದ, ಇದು ಅನೇಕ ಮನೆಗಳಿಗೆ ಸಂಬಂಧಿಸಿದ ವಿಚಾರವೇ ಆಗಿದೆ.

ಮೊದಲು ಈ ಬೆಲ್ಟಿನ ಸ್ವರೂಪವನ್ನು ತಿಳಿಯೋಣ. ಎಂಜಿನಿನ ಕೆಳಭಾಗದಲ್ಲಿ ಕ್ರ್ಯಾಂಕ್ ಷಾಫ್ಟ್ ಎಂಬ ದಂಡವಿರುವುದು. ಪಿಸ್ಟನ್ನುಗಳು ಮೇಲೆ ಕೆಳಗೆ ಆಡುತ್ತ ಅದನ್ನು ತಿರುಗಿಸುವುವು. ಮೇಲ್ಭಾಗದಲ್ಲಿ ಕ್ಯಾಮ್ ಷಾಫ್ಟ್ ಎಂಬ ಇನ್ನೊಂದು ದಂಡವಿರುವುದು. ಅದು ವಾಲ್ವುಗಳನ್ನು ತೆರೆದು ಒಳಗಾಳಿಗೂ ಹೊಗೆಗೂ ದಾರಿ ಮಾಡಿಕೊಡುವುದು. ಕೆಳಗಿನದು ಎರಡು ಸುತ್ತು ತಿರುಗಿದಾಗ ಮೇಲಿನದು ಸರಿಯಾಗಿ ಒಂದು ಸುತ್ತು ತಿರುಗಬೇಕು. ಒಂದು ಹಲ್ಲಿನಷ್ಟು ವ್ಯತ್ಯಾಸವಾದರೂ ತಾಳ ತಪ್ಪುವುದು. ಈ ತಾಳವನ್ನು ಕಾಯುವುದಕ್ಕಾಗಿ ಎರಡನ್ನೂ ಕೂಡಿಸುವ ಸಾಧನವೇ ಟೈಮಿಂಗ್ ಬೆಲ್ಟು. ಅದು ಒಳಮೈಯಲ್ಲಿ ಹಲ್ಲುಗಳುಳ್ಳ, ಗಾಜಿನ ನಾರಿನ ಎಳೆಗಳನ್ನು ಹುದುಗಿಸಿಕೊಂಡ ಕೃತಕ ರಬ್ಬರಿನ ಪಟ್ಟಿ. ಮೊದಲು ಈ ಕೆಲಸಕ್ಕೆ ಲೋಹದ ಸರಪಳಿಯೋ ಹಲ್ಲುಗಾಲಿಗಳೋ ಇರುತ್ತಿದ್ದುವು. 1962ರಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದ ಗ್ಲಾಸ್ ಎಂಬ ಕಂಪೆನಿಯು ತನ್ನ 1004 ಎಂಬ ಕಾರಿನಲ್ಲಿ ರಬ್ಬರಿನ ಪಟ್ಟಿಯನ್ನು ಅಳವಡಿಸಿತು. ಹಗುರ, ನಿಶ್ಶಬ್ದ, ಎಣ್ಣೆ ಬೇಡದುದು, ಬೆಲೆಯೂ ಕಡಿಮೆ. ಆದುದರಿಂದ ಕ್ರಮೇಣ ಅದು ಎಲ್ಲೆಡೆಗೂ ಹಬ್ಬಿತು. ನಮ್ಮ ದೇಶದಲ್ಲಿ 1983ರ ಡಿಸೆಂಬರಿನಲ್ಲಿ ಮನೆಗಳನ್ನು ಸೇರಲಾರಂಭಿಸಿ 2014ರ ವರೆಗೆ ತಯಾರಾದ ಮಾರುತಿ 800 ಕಾರಿನ ಮೂರು ಸಿಲಿಂಡರಿನ ಪುಟ್ಟ ಎಂಜಿನಿನಲ್ಲಿಯೂ ಈ ಪಟ್ಟಿಯೇ ಇದೆ. ಇಂದಿನ ಕಾರುಗಳಲ್ಲಿ ಕೆಲವಕ್ಕೆ ಸರಪಳಿ, ಕೆಲವಕ್ಕೆ ಪಟ್ಟಿ. ಆದುದರಿಂದ ಹಳೆಯ ಕಾರನ್ನು ಕೊಳ್ಳುವವನು ಮೊದಲು ಕೇಳಬೇಕಾದುದು ಅದರಲ್ಲಿ ಇವೆರಡರಲ್ಲಿ ಯಾವುದಿದೆಯೆಂದು.

ಸರಪಳಿಗೂ ಪಟ್ಟಿಗೂ ಸ್ವಭಾವದಲ್ಲಿ ಒಂದು ಭೇದವುಂಟು. ಅಂಬಾಸಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನಿನಲ್ಲಿದ್ದಂಥ ಸರಪಳಿಯು ಸವೆದು ಸಡಿಲವಾದಾಗ ಗಲಗಲನೆ ಶಬ್ದಮಾಡಿ ಯಜಮಾನನನ್ನು ಕರೆಯುವುದು. ಪಟ್ಟಿಯು ಸಾಮಾನ್ಯವಾಗಿ ಕರೆಯದು. ಗೊಣಗುವ ಆಳು ತನ್ನ ಆಯಾಸವನ್ನು ತಿಳಿಸಿಬಿಡುವನು. ಗೊಣಗದ ಆಳು ಒಂದು ದಿನ ದುಡಿಯುತ್ತಿರುವಂತೆಯೇ ಕುಸಿದುಬೀಳುವನು. ಮೌನವಾಗಿ ಸೇವೆಮಾಡುವವರ ಆಯಾಸವನ್ನು ನಾವೇ ಎಣಿಸಿಕೊಳ್ಳಬೇಕಲ್ಲದೆ ಅವರ ಬಾಯಿಂದ ನಿರೀಕ್ಷಿಸಬಾರದು.

ಪಟ್ಟಿ ಹರಿದರೆ ಆಗುವುದೇನು? ಇದರಲ್ಲಿಯೂ ಎರಡು ವಿಧ. ಕೆಲವು ಎಂಜಿನುಗಳಲ್ಲಿ ಪಿಸ್ಟನ್ನಿಗೂ ತೆರೆದ ವಾಲ್ವಿಗೂ ನಡುವೆ ಸಾಕಷ್ಟು ಅವಕಾಶವಿರುವುದು. ಅಲ್ಲಿ ಪಟ್ಟಿ ಹರಿದರೆ ಎಂಜಿನು ನಿಲ್ಲುವುದು, ಅಷ್ಟೆ. ಹೊಸ ಪಟ್ಟಿ ಹಾಕಿದರೆ ಮತ್ತೆ ನಡೆಯುವುದು. ಬೇರೆ ಕೆಲವುಗಳಲ್ಲಿ ಒಂದೇ ಜಾಗವನ್ನು ಪಿಸ್ಟನ್ನೂ ವಾಲ್ವೂ ಸರದಿಯ ಮೇಲೆ ಬಳಸುವುವು. ಒಬ್ಬನು ಎದ್ದಮೇಲೆ ಇನ್ನೊಬ್ಬನು ಕೂರುವ ಮಣೆಯಂತೆ. ತಾಳವಿರುವ ವರೆಗೆ ಅವು ಪರಸ್ಪರ ಮುಟ್ಟವು. ಪಟ್ಟಿ ಹರಿದ ಕ್ಷಣದಲ್ಲಿ ಕ್ಯಾಮ್ ಷಾಫ್ಟ್ ನಿಂತುಹೋಗಿ, ತೆರೆದುಕೊಂಡಿರುವ ವಾಲ್ವುಗಳಿಗೆ ಪಿಸ್ಟನ್ನುಗಳು ಬಂದು ಬಡಿದು ಅವನ್ನು ಬಾಗಿಸಿಬಿಡುವುವು. ಆಗ ಎಂಜಿನಿನ ತಲೆಯನ್ನೇ ಬಿಚ್ಚಬೇಕಾಗುವುದು. ಹಳೆಯ ಕಾರಾದರೆ ದುರಸ್ತಿಯ ವೆಚ್ಚವು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮೀರುವುದು. ಹಣದ ನಷ್ಟವೂ ಇರಲಿ. ಕಾರು ಓಡುತ್ತಿರುವಾಗ ಎಂಜಿನು ಥಟ್ಟನೆ ನಿಂತರೆ, ಬ್ರೇಕಿಗೆ ಒದಗುತ್ತಿದ್ದ ಸಹಾಯವು ಕೆಲವೇ ತುಳಿತಗಳಲ್ಲಿ ಮುಗಿದು ಪೆಡಲು ಕಲ್ಲಿನಂತೆ ಗಟ್ಟಿಯಾಗುವುದು. ಪವರ್ ಸ್ಟಿಯರಿಂಗ್ ಇದ್ದ ಗಾಡಿಯಲ್ಲಿ ಚಕ್ರವನ್ನು ತಿರುಗಿಸುವುದೂ ಕಷ್ಟವಾಗುವುದು. ಶಿರಾಡಿಯ ಇಳುಕಲಿನಲ್ಲಿಯೋ ಆಗುಂಬೆಯ ತಿರುವಿನಲ್ಲಿಯೋ ಹಿಂದಿನ ಆಸನದಲ್ಲಿ ಮಕ್ಕಳನ್ನು ಕೂರಿಸಿಕೊಂಡಿರುವಾಗ ಹೀಗಾದರೆ ಗತಿಯೇನೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ.

ಹಾಗಾದರೆ ಪಟ್ಟಿಯನ್ನು ಆಗಾಗ ಬಿಚ್ಚಿ ನೋಡುತ್ತಿದ್ದು, ಸವೆತ ಕಂಡಾಗ ಬದಲಿಸಿದರಾಯಿತಲ್ಲವೆ ಎಂದು ಕೇಳಬಹುದು. ಈ ಪ್ರಶ್ನೆಗೆ ತರ್ಕಶಾಸ್ತ್ರವೇ ಉತ್ತರ ಕೊಡುವುದು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿಯಾದ ವ್ಯಾಪ್ತಿ. ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲವೆಂಬುದು ಸರಿಯಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ, ಬೆಂಕಿಯುಂಟು. ಪಾಠಶಾಲೆಯಲ್ಲಿ ತರ್ಕದ ಮೊದಲ ಪುಸ್ತಕವನ್ನು ಓದಿದ ಬಾಲಕನೂ ಈ ಅಯೋಗೋಲಕದ ದೃಷ್ಟಾಂತವನ್ನು ಬಲ್ಲನು. ಪಟ್ಟಿಯಲ್ಲಿ ಬಿರುಕು ಕಂಡರೆ, ಹಲ್ಲು ಮುರಿದಿದ್ದರೆ, ಎಣ್ಣೆ ತಗಲಿ ರಬ್ಬರು ಊದಿದ್ದರೆ, ಅದರ ಕಾಲ ಮುಗಿಯಿತೆಂಬುದು ನಿಶ್ಚಯ, ಅಂದೇ ಬದಲಿಸಬೇಕು. ಏನೂ ಕಾಣದಿದ್ದರೆ ಅದು ಗಟ್ಟಿಯಾಗಿದೆಯೆಂಬುದು ಮಾತ್ರ ಸಿದ್ಧವಾಗದು. ಏಕೆಂದರೆ ಭಾರವನ್ನು ಹೊರುವುದು ರಬ್ಬರಿನ ಹೊರಮೈಯಲ್ಲ. ಒಳಗೆ ಹುದುಗಿರುವ ನಾರಿನ ಎಳೆಗಳು. ಅವು ಬಾಗಿ ಬಾಗಿ ದಣಿಯುವುದು ಕಣ್ಣಿಗೆ ಕಾಣದು. ಒಂದು ಲೆಕ್ಕವನ್ನು ನೋಡಿರಿ. ಕಾರು ಗಂಟೆಗೆ ಸರಾಸರಿ 40 ಕಿಲೋಮೀಟರಿನಂತೆ ಒಂದು ಲಕ್ಷ ಕಿಲೋಮೀಟರು ನಡೆದರೆ 2,500 ಗಂಟೆಗಳಾಗುವುವು. ಎಂಜಿನು ನಿಮಿಷಕ್ಕೆ 2,000 ಸುತ್ತಿನಂತೆ ತಿರುಗಿದ್ದರೆ ಅಷ್ಟರೊಳಗೆ ಕ್ರ್ಯಾಂಕ್ ಷಾಫ್ಟ್ 30 ಕೋಟಿ ಬಾರಿ ತಿರುಗಿರುವುದು. ಇಷ್ಟು ಸುತ್ತುಗಳನ್ನು ಬೆರಳಗಲದ ಒಂದು ರಬ್ಬರು ಪಟ್ಟಿ ಸಹಿಸಿತೆಂಬುದೇ ಆಶ್ಚರ್ಯ. ಇನ್ನೂ ಸಹಿಸಲೆಂದು ಬಯಸುವುದು ಆಸೆಬುರುಕತನ.

ಪ್ರತ್ಯಕ್ಷವು ಸೋತ ಕಡೆ ನಾವು ಆಪ್ತವಾಕ್ಯವನ್ನು ಆಶ್ರಯಿಸಬೇಕು. ಈ ವಿಷಯದಲ್ಲಿ ಆಪ್ತನಾರು? ಆ ಎಂಜಿನನ್ನು ಮಾಡಿದವನು. ಅವನು ಅದಕ್ಕೆ ಇಷ್ಟು ಕಿಲೋಮೀಟರು, ಇಲ್ಲವೆ ಇಷ್ಟು ವರ್ಷ, ಯಾವುದು ಮೊದಲಾದರೆ ಅದೇ ಗಡುವೆಂದು ಕೈಪಿಡಿಯಲ್ಲಿ ಅಚ್ಚುಹಾಕಿಸಿರುವನು. ಎಂಜಿನಿಗೆ ತಕ್ಕಂತೆ ಈ ಗಡುವು ಬದಲಾಗುವುದು; ಸಾಮಾನ್ಯವಾಗಿ 60,000ದಿಂದ ಒಂದೂವರೆ ಲಕ್ಷ ಕಿಲೋಮೀಟರಿನ ವರೆಗೆ, ಐದರಿಂದ ಹತ್ತು ವರ್ಷದ ವರೆಗೆ ಇರುವುದುಂಟು. ಅವನೂ ವ್ಯಾಪಾರಿಯಲ್ಲವೆ, ಪಟ್ಟಿ ಮಾರುವ ಆಸೆಯಿಂದ ಗಡುವನ್ನು ತಗ್ಗಿಸಿರಬಾರದೇಕೆ ಎಂಬ ಶಂಕೆ ಹುಟ್ಟಬಹುದು. ಆದರೆ ತನ್ನ ಕಾರಿಗೆ ದುರಸ್ತಿಯ ವೆಚ್ಚ ಕಡಿಮೆಯೆಂದು ಹೊಗಳಿಸಿಕೊಳ್ಳುವ ಆಸೆಯೂ ಅವನಿಗೇ ಇರುವುದರಿಂದ, ಒಂದು ಆಸೆಯನ್ನು ಇನ್ನೊಂದು ಹಿಡಿದು ನಿಲ್ಲಿಸುವುದು.

ಕಿಲೋಮೀಟರೊಂದನ್ನೇ ನಂಬಿ ವರ್ಷಗಳನ್ನು ಮರೆಯುವವರು ಬಹಳ ಮಂದಿ. ಕಾರು ಹನ್ನೆರಡು ವರ್ಷ ಷೆಡ್ಡಿನಲ್ಲಿದ್ದು, ದೇವಸ್ಥಾನಕ್ಕೂ ಆಸ್ಪತ್ರೆಗೂ ಮಾತ್ರ ಓಡಾಡಿ ಮೂವತ್ತು ಸಾವಿರ ಕಿಲೋಮೀಟರನ್ನು ದಾಟಿಲ್ಲವೆಂದರೆ ಕೊಳ್ಳುವವನು ಹಿಗ್ಗುವನು. ಆದರೆ ರಬ್ಬರು ಓಡಾಟದಿಂದ ಮಾತ್ರವೇ ಅಲ್ಲ, ಕಾಲದಿಂದಲೂ ಮುಪ್ಪಾಗುವುದು. ಶಾಖವೂ ಗಾಳಿಯೂ ನಿಂತಿರುವ ಕಾರನ್ನೂ ಬಿಡವು. ಇನ್ನು ಬೆಂಗಳೂರಿನಂಥ ಪಟ್ಟಣದಲ್ಲಿ ದಟ್ಟಣೆಯ ನಡುವೆ ಗಂಟೆಗಟ್ಟಲೆ ನಿಂತ ಕಾರಿನಲ್ಲಿ ಎಂಜಿನು ತಿರುಗುತ್ತಲೇ ಇರುವುದು, ಕಿಲೋಮೀಟರಿನ ಅಂಕಿ ಮಾತ್ರ ಕದಲದು. ಆ ಅಂಕಿಯು ಗಾಡಿ ನಡೆದ ದೂರವನ್ನು ಹೇಳುವುದೇ ಹೊರತು ಎಂಜಿನು ದುಡಿದ ಹೊತ್ತನ್ನು ಹೇಳದು. ಅದನ್ನು ಹಿಂದಕ್ಕೆ ತಿರುಗಿಸುವ ವಂಚಕರೂ ಇರುವರೆಂಬುದು ಸರ್ವವಿದಿತ.

ಈಗ ಮುಖ್ಯವಾದ ಸಂದೇಹಕ್ಕೆ ಬರೋಣ. ಇನ್ನೊಬ್ಬರಿಂದ ಕೊಂಡ ಕಾರು. ಪಟ್ಟಿಯನ್ನು ಹಿಂದೆ ಬದಲಿಸಿದ್ದರೋ ಇಲ್ಲವೋ ತಿಳಿಯದು. ರಸೀದಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ಆಗೇನು ಮಾಡಬೇಕು? ಪ್ರಮಾಣವಿಲ್ಲದ ಕಡೆ ಬದಲಿಸಿಲ್ಲವೆಂದೇ ಎಣಿಸಿ, ಕೊಂಡ ಕೂಡಲೇ ಬದಲಿಸಬೇಕೆಂಬುದು ನನ್ನ ಅಭಿಪ್ರಾಯ. ಕಾರಣವಿಷ್ಟೆ. ಬದಲಿಸಿದ್ದ ಪಟ್ಟಿಯನ್ನು ತಿಳಿಯದೆ ಮತ್ತೆ ಬದಲಿಸಿದರೆ ಆಗುವ ನಷ್ಟ ಕೆಲವು ಸಾವಿರ ರೂಪಾಯಿ. ಬದಲಿಸದ ಪಟ್ಟಿಯನ್ನು ಬದಲಿಸಿದ್ದಾರೆಂದು ನಂಬಿ ನಡೆದರೆ ಆಗುವ ನಷ್ಟ ಇಡೀ ಎಂಜಿನು. ದೈವ ಮುನಿದರೆ ಅದಕ್ಕಿಂತ ಹೆಚ್ಚಿನದು. ಎರಡು ತಪ್ಪುಗಳಲ್ಲಿ ಒಂದು ಸಂಭವಿಸುವುದು ಅನಿವಾರ್ಯವಾದಾಗ, ತಿದ್ದಿಕೊಳ್ಳಬಹುದಾದ ತಪ್ಪನ್ನು ಆರಿಸಿಕೊಳ್ಳುವುದೇ ವಿವೇಕ. ಕಾರಿನ ಬೆಲೆಯನ್ನು ಮಾತಾಡುವಾಗಲೇ ಈ ವೆಚ್ಚವನ್ನೂ ಅದರೊಳಗೆ ಸೇರಿಸಿಕೊಂಡು ಮಾತಾಡಿದರೆ ಆಮೇಲೆ ಕೊರಗಬೇಕಾಗಿಲ್ಲ. ಪಟ್ಟಿಯನ್ನು ಬಿಗಿಯುವ ಟೆನ್ಷನರ್ ಗಾಲಿಯನ್ನೂ ಅದರೊಡನೆಯೇ ಬದಲಿಸತಕ್ಕದ್ದು. ಕೆಲವು ಎಂಜಿನುಗಳಲ್ಲಿ ನೀರಿನ ಪಂಪನ್ನು ಈ ಪಟ್ಟಿಯೇ ತಿರುಗಿಸುವುದರಿಂದ, ಅಲ್ಲಿ ಅದನ್ನೂ ಸೇರಿಸಿಕೊಳ್ಳುವುದು ಮೇಲು. ಹೆಚ್ಚಿನ ಖರ್ಚು ಬಿಚ್ಚಿ ಕೂಡಿಸುವ ಕೂಲಿಗೇ ಹೋಗುವುದರಿಂದ ಎರಡು ಬಾರಿ ಬಿಚ್ಚಿಸುವುದು ಅವಿವೇಕ.

ಇದಕ್ಕೆ ಮೂರು ಆಕ್ಷೇಪಗಳುಂಟು. ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟಬಾರದೆಂಬುದು ಮೊದಲನೆಯದು. ಈ ಮಾತು ಲಕ್ಷಣ ತೋರಿಸಿ ಕೆಡುವ ವಸ್ತುಗಳಿಗೆ ಸಲ್ಲುವುದು. ತೋರಿಸದೆ ಕೆಡುವ ವಸ್ತುವಿಗೆ ಸಲ್ಲದು. ಅಲ್ಲಿ ಚೆನ್ನಾಗಿ ನಡೆಯುವುದೆಂಬುದು ಕೊನೆಯ ಕ್ಷಣದ ವರೆಗೂ ನಿಜವಾಗಿಯೇ ಇರುವುದರಿಂದ ಅದು ಏನನ್ನೂ ತಿಳಿಸಿದಂತಾಗದು. ಎಲ್ಲವೂ ಹಣೆಬರಹದಂತೆ ನಡೆಯುವುದೆಂಬುದು ಎರಡನೆಯದು. ಆಯುಧಪೂಜೆಯ ದಿನ ಬೂದುಗುಂಬಳಕಾಯಿಯನ್ನು ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಆರತಿ ಬೆಳಗುವ ಗೃಹಸ್ಥನ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ದೈವವು ನಮ್ಮ ಪ್ರಯತ್ನಕ್ಕೆ ಜೊತೆಯೇ ಹೊರತು ಬದಲಿಯಲ್ಲ. ಪೂಜೆಯ ದಿನವೇ ಲೆಕ್ಕದ ಪುಸ್ತಕವನ್ನು ತೆರೆದು, ಪಟ್ಟಿ ಹಾಕಿಸಿದ ತಾರೀಖನ್ನೊಮ್ಮೆ ನೋಡುವ ಪದ್ಧತಿಯನ್ನಿಟ್ಟುಕೊಂಡರೆ ಪೂಜೆಯೂ ಸಾರ್ಥಕ, ಪ್ರಯಾಣವೂ ನಿರ್ಭಯ. ಮೂರನೆಯ ಆಕ್ಷೇಪಕ್ಕೆ ಹೆಚ್ಚು ಬಲವುಂಟು: ಹೀಗೆ ಹೆದರಿಸುತ್ತ ಹೋದರೆ ಮೆಕ್ಯಾನಿಕ್ಕುಗಳು ವರ್ಷಕ್ಕೊಂದು ಪಟ್ಟಿಯನ್ನು ಕಟ್ಟಿ ಗೃಹಸ್ಥನನ್ನು ಸುಲಿಯಲಾರರೆ? ಸುಲಿಯಬಲ್ಲರು, ಹಾಕದೆಯೇ ಹಾಕಿದೆನೆಂದು ಬರೆಯುವವರೂ ಇರಬಹುದು. ಅದಕ್ಕಾಗಿಯೇ ಗಡುವೆಂಬುದು ಎರಡು ಕಡೆಗೂ ಕಟ್ಟು. ಅದು ತಡಮಾಡುವವನನ್ನು ಎಚ್ಚರಿಸುವಂತೆಯೇ ಅವಸರಪಡಿಸುವವನನ್ನೂ ತಡೆಯುವುದು. ಇನ್ನೂ ಬಾಳುವ ವಸ್ತುವನ್ನು ಬಿಸಾಡುವುದೂ ದೋಷವೇ. ಹೊಸ ಪಟ್ಟಿಯ ರಸೀದಿಯನ್ನು ಪಡೆದು, ತೆಗೆದ ಹಳೆಯ ಪಟ್ಟಿಯನ್ನು ಕೈಗೆ ಕೊಡುವಂತೆ ಕೇಳುವುದರಿಂದ ಒಳ್ಳೆಯ ಮೆಕ್ಯಾನಿಕ್ಕಿಗೆ ಅವಮಾನವಾಗದು, ಕೆಟ್ಟವನಿಗೆ ಅನುಕೂಲವಾಗದು.

ಇಷ್ಟರ ವರೆಗಿನದು ವಿವೇಕದ ವಿಚಾರ. ಧರ್ಮದ ವಿಚಾರವು ಕಾರನ್ನು ಮಾರುವ ದಿನ ಆರಂಭವಾಗುವುದು. ನನ್ನ ಹಳೆಯ ವಿದ್ಯಾರ್ಥಿಗಳೊಬ್ಬರು ಕೆಲವು ತಿಂಗಳ ಹಿಂದೆ ಹೀಗೆ ಕೇಳಿದರು: “ಮೇಷ್ಟ್ರೇ, ನನ್ನ ಕಾರಿಗೆ ಬೆಲ್ಟು ಬದಲಿಸುವ ಗಡುವು ದಾಟಿ ಎರಡು ವರ್ಷವಾಯಿತು. ಹೇಗೂ ಮಾರಿಬಿಡುವ ಕಾರು. ಕೊಳ್ಳುವವರು ಆ ವಿಷಯ ಕೇಳಲೇ ಇಲ್ಲ. ನಾನೂ ಹೇಳಲಿಲ್ಲವೆಂದರೆ ಸುಳ್ಳು ಹೇಳಿದಂತಾದೀತೆ?” ಆ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಸುಳ್ಳಾಡುವುದಕ್ಕೆ ನಾಲಗೆ ಏಳದು. ಸುಮ್ಮನಿರುವುದಕ್ಕೆ ಮಾತ್ರ ಯಾವ ಶ್ರಮವೂ ಇಲ್ಲ.

ನಮ್ಮ ಸ್ಮೃತಿಕಾರರು ಕೊಂಡವನ ಪಶ್ಚಾತ್ತಾಪಕ್ಕೆ ಅವಕಾಶ ಕೊಟ್ಟಿದ್ದರು. ಕೊಂಡ ಪದಾರ್ಥವನ್ನು ಪರೀಕ್ಷಿಸುವುದಕ್ಕೆ ಯಾಜ್ಞವಲ್ಕ್ಯಸ್ಮೃತಿಯು ಲೋಹಕ್ಕೆ ಒಂದು ದಿನ, ಹಾಲು ಕರೆಯುವ ಪಶುವಿಗೆ ಮೂರು ದಿನ, ಹೊರೆ ಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಬೀಜಕ್ಕೆ ಹತ್ತು ದಿನವೆಂದು ಅವಧಿಯನ್ನು ವಿಧಿಸಿತು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ವಸ್ತುವಿನ ದೋಷ ಬಯಲಾಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೊಳ್ಳುವವನಿಗೆ ಸಲ್ಲಬೇಕೆಂಬುದೇ ಈ ವಿಧಿಯ ಭಾವವೆಂದು ನಾನು ತಿಳಿಯುತ್ತೇನೆ. ಎತ್ತು ಕುಂಟುವುದೋ ಇಲ್ಲವೋ ಐದು ದಿನ ಹೂಡಿದರೆ ತಿಳಿಯುವುದು. ಮುಚ್ಚಳದೊಳಗಿನ ಪಟ್ಟಿಯ ದಣಿವು ಐದು ದಿನದಲ್ಲಿಯೂ ತಿಳಿಯದು, ಐವತ್ತು ದಿನದಲ್ಲಿಯೂ ತಿಳಿಯದು. ಕೊಳ್ಳುವವನ ಪರೀಕ್ಷೆ ಮುಟ್ಟಲಾರದ ಕಡೆ ಮಾರುವವನ ಮಾತೊಂದೇ ದೀಪ. ಅವನು ಅದನ್ನು ಮರೆಮಾಡಿದರೆ ಕತ್ತಲೆಗೆ ಹೊಣೆ ಅವನೇ.

ಈಗಿನ ಕಾನೂನು ಏನು ಹೇಳುವುದು? 1872ರ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆಯುಂಟು. ಒಬ್ಬನು ರೋಗವುಳ್ಳ ಕುದುರೆಯನ್ನು ರೋಗವುಂಟೆಂದು ತಿಳಿದೇ ಹರಾಜಿನಲ್ಲಿ ಮಾರುವನು, ರೋಗದ ಮಾತನ್ನೆತ್ತುವುದಿಲ್ಲ. ಇದು ವಂಚನೆಯಲ್ಲವೆಂದು ಆ ಕಲಮು ಹೇಳುವುದು. ಇಷ್ಟನ್ನೇ ಓದಿದವರು ಸುಮ್ಮನಿರುವುದು ನ್ಯಾಯವೆಂದು ಭಾವಿಸಬಹುದು. ಆದರೆ ಅದರ ಮುಂದೆಯೇ ಇನ್ನೆರಡು ಉದಾಹರಣೆಗಳುಂಟು. ನೀನು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುವೆನು ಎಂದು ಕೊಳ್ಳುವವನು ನುಡಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನವು ಮಾತಿಗೆ ಸಮಾನ. ಆದಕಾರಣ ಕೊಳ್ಳುವವರು ನಾಚಿಕೆಪಡದೆ, ಬೆಲ್ಟು ಯಾವಾಗ ಹಾಕಿಸಿದಿರಿ, ರಸೀದಿ ಎಲ್ಲಿದೆ ಎಂದು ನಾಲ್ಕು ಜನರ ಮುಂದೆ ಕೇಳತಕ್ಕದ್ದು. ಇನ್ನೊಂದು ಉದಾಹರಣೆಯು ನನ್ನ ಮನಸ್ಸನ್ನು ಬಹಳವಾಗಿ ಹಿಡಿದಿದೆ. ಕೊಳ್ಳುವವಳು ಮಾರುವವನ ಮಗಳು, ಈಗ ತಾನೆ ಪ್ರಾಪ್ತವಯಸ್ಸಿಗೆ ಬಂದವಳು. ಆಗ ಅವರ ಸಂಬಂಧದ ಕಾರಣದಿಂದಲೇ ಕುದುರೆಯ ದೋಷವನ್ನು ಅವಳಿಗೆ ತಿಳಿಸುವುದು ಅವನ ಕರ್ತವ್ಯವಾಗುವುದೆಂದು ಕಾನೂನೇ ಒಪ್ಪುವುದು.

ಕಾನೂನು ಮತ್ತು ಧರ್ಮ ಬೇರೆಯಾಗುವುದು ಈ ಸ್ಥಳದಲ್ಲಿಯೇ. ಮಗಳಿಗೆ ಹೇಳಲೇಬೇಕೆಂಬಲ್ಲಿ ಇಬ್ಬರಿಗೂ ಭೇದವಿಲ್ಲ. ಮಗಳಂತೆ ಕಾಣತಕ್ಕವರು ಎಷ್ಟು ಮಂದಿಯೆಂಬಲ್ಲಿಯೇ ಭೇದ. ಕಾನೂನು ಒಂದು ಗೆರೆಯನ್ನು ಎಳೆದು ನಿಲ್ಲಲೇಬೇಕು; ಇಲ್ಲದಿದ್ದರೆ ವ್ಯವಹಾರ ನಡೆಯದು. ಧರ್ಮಕ್ಕೆ ಆ ನಿರ್ಬಂಧವಿಲ್ಲ; ಆ ಗೆರೆಯನ್ನು ದಿನದಿನಕ್ಕೆ ಹೊರಕ್ಕೆ ತಳ್ಳುತ್ತ ಹೋಗುವುದೇ ಅದರ ಕೆಲಸ. ನಮ್ಮ ಕಾರನ್ನು ಕೊಂಡವನೂ ಒಂದು ಸಂಸಾರವುಳ್ಳವನು. ಅವನ ಹೆಂಡತಿ ಮಕ್ಕಳು ಘಟ್ಟ ಇಳಿಯುವರು. ಅವನು ಸಾಲಮಾಡಿ ಹಣ ತಂದಿರಬಹುದು. ಹೇಳಿದರೆ ಬೆಲೆಯಲ್ಲಿ ಕೆಲವು ಸಾವಿರ ಇಳಿಯುವುದು ನಿಜ. ಆ ಕೆಲವು ಸಾವಿರವನ್ನು ನಾವು ಪಟ್ಟಿ ಬದಲಿಸದೆ ಮೊದಲೇ ಉಳಿಸಿಕೊಂಡಿರಲಿಲ್ಲವೆ? ಒಂದೇ ಹಣವನ್ನು ಎರಡು ಬಾರಿ ಉಳಿಸಹೊರಟರೆ ಎರಡನೆಯ ಬಾರಿ ಉಳಿಯುವುದು ನಮ್ಮದಲ್ಲ, ಇನ್ನೊಬ್ಬನದು. ನನ್ನ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರವೂ ಇದೇ: “ನಿಮ್ಮ ಮಗಳು ಅದೇ ಕಾರಿನಲ್ಲಿ ಹೋಗುವಳೆಂದಿದ್ದರೆ ಏನು ಹೇಳುವಿರೋ ಅದನ್ನೇ ಕೊಳ್ಳುವವರಿಗೂ ಹೇಳಿ.”

ತಾನೇ ನಷ್ಟವನ್ನು ಸಹಿಸಲು ಸಿದ್ಧನಾದವನಿಗೆ ಸ್ವಾತಂತ್ರ್ಯವೇ ಇಲ್ಲವೆ? ಉಂಟು. ಕಾರು ತೀರ ಹಳೆಯದು, ಗುಜರಿಗೆ ಹೋಗುವ ಕಾಲ ಹತ್ತಿರವಾಗಿದೆ. ಪಟ್ಟಿ ಹರಿದರೂ ವಾಲ್ವು ಬಾಗದ ಎಂಜಿನೆಂದು ತಿಳಿದವರಿಂದ ಖಚಿತವಾಗಿದೆ. ಊರೊಳಗೆ ನಿಧಾನವಾಗಿ ತಾನೊಬ್ಬನೇ ಓಡಿಸುವನು. ಇಂಥವನು ಪಟ್ಟಿಯನ್ನು ಅದರ ಪಾಡಿಗೆ ಬಿಟ್ಟರೆ ಅವನನ್ನು ನಿಂದಿಸಲಾಗದು. ತನ್ನ ಗಂಟನ್ನು ತಾನೇ ಪಣವಿಟ್ಟಿರುವನು. ಆದರೆ ಅದೇ ಕಾರನ್ನು ಬಾಡಿಗೆಗೆ ಬಿಟ್ಟ ದಿನ, ನೆರೆಯವರ ಮಗಳ ಮದುವೆಗೆಂದು ಕೊಟ್ಟ ದಿನ, ವೃದ್ಧರಾದ ತಾಯಿಯನ್ನು ಕೂರಿಸಿಕೊಂಡು ದೂರ ಹೊರಟ ದಿನ, ಅವನ ಸ್ವಾತಂತ್ರ್ಯ ಮುಗಿಯಿತು. ಪಣಕ್ಕಿಟ್ಟ ಗಂಟು ಆಗ ಅವನದಲ್ಲ.

ಆದುದರಿಂದ ಸಿದ್ಧಾಂತವಿದು. ಗಡುವು ತಿಳಿದಿದ್ದರೆ ಗಡುವಿನಲ್ಲಿ. ವರ್ಷ ಮತ್ತು ದೂರಗಳಲ್ಲಿ ಯಾವುದು ಮೊದಲೋ ಆಗ. ಪೂರ್ವವೃತ್ತಾಂತ ತಿಳಿಯದಿದ್ದರೆ ಕೊಂಡ ಕೂಡಲೇ. ಕೇಡಿನ ಲಕ್ಷಣ ಕಂಡರೆ ಅಂದೇ ಬದಲಿಸುವುದು. ಬದಲಿಸದೆ ಮಾರುವುದಾದರೆ ಹೇಳಿ ಮಾರುವುದು. ಬದಲಿಸಿ ಮಾರುವುದಾದರೆ ರಸೀದಿಯನ್ನೂ ಕೈಗಿಡುವುದು. ಕಣ್ಣಿಗೆ ಬಿದ್ದ ದೋಷವನ್ನು ತಿದ್ದುವುದಕ್ಕೆ ಲೋಕದ ಭಯವೇ ಸಾಕು. ಯಾರೂ ಕಾಣದ, ಯಾರೂ ಕೇಳದ, ಹೇಳದಿದ್ದರೂ ನಡೆದುಹೋಗುವ ದೋಷವನ್ನು ತಿದ್ದುವವನ ಮನೆಯಲ್ಲಿ ಮಕ್ಕಳು ಧರ್ಮವನ್ನು ಪುಸ್ತಕದಿಂದ ಕಲಿಯಬೇಕಾದ ಆವಶ್ಯಕತೆ ಬಹಳವಾಗಿ ಇರದು.